ಹಳೆಯ 'ಡಾಕ್ಟರ್ ಹೂ': ಯಾವ ಕಥೆಯಿಂದ ಶುರು ಮಾಡೋದು?

ಬಿಬಿಸಿಯ ವಿಜ್ಞಾನ-ಕಲ್ಪನೆಯ ಧಾರಾವಾಹಿ 'ಡಾಕ್ಟರ್ ಹೂ'ನ ಹೊಸ ಸೀಸನ್‌ಗಳನ್ನು ನೋಡಿ ರುಚಿ ಹತ್ತಿದವರು ಕೇಳುವ ಪ್ರಶ್ನೆ ಇದು: 1963ರಿಂದ 1989ರವರೆಗೆ 26 ಸೀಸನ್ ಬಂದ ಹಳೆಯದನ್ನು ಎಲ್ಲಿಂದ ಹಿಡಿಯಬೇಕು? 1970ರ 'ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್'ನಿಂದ ಹಿಡಿಯಿರಿ. ದಿನಕ್ಕೆ ಒಂದೇ ಕಂತು.

ಮೊದಲಿನಿಂದಲೇ ನೋಡಬಾರದೇಕೆ? ಲಕ್ನೋದಲ್ಲಿ ಹುಟ್ಟಿದ ವಾರಿಸ್ ಹುಸೇನ್ ನಿರ್ದೇಶಿಸಿದ ಮೊಟ್ಟಮೊದಲ ಕಂತು ಈಗಲೂ ಚೆಂದ. ಆದರೆ ಅದರ ಬೆನ್ನಿಗೇ ಬೆಂಕಿಗಾಗಿ ಕಿತ್ತಾಡುವ ಗುಹಾಮಾನವರ ಮೂರು ಕಂತುಗಳಿವೆ. ಹೊಸಬರು ಸುಸ್ತಾಗುವುದು ಅಲ್ಲಿ. ಅದನ್ನು ದಾಟಿದರೂ ಅರವತ್ತರ ದಶಕದ ತುಂಬ ಗುಂಡಿಗಳು. ಬಿಬಿಸಿ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು, ಹೊರದೇಶಗಳಿಗೆ ಮಾರಲು ಮಾಡಿಸಿದ್ದ ಫಿಲ್ಮ್ ಪ್ರತಿಗಳನ್ನೂ ಎಸೆಯಿತು. 90ಕ್ಕೂ ಹೆಚ್ಚು ಕಂತುಗಳ ಚಿತ್ರವೇ ಇಲ್ಲ. ಧ್ವನಿ ಮಾತ್ರ ಎಲ್ಲದರದೂ ಉಳಿದಿದೆ. ಆಗಿನ ಅಭಿಮಾನಿಗಳು ಮನೆಯ ಟಿವಿಯಿಂದಲೇ ರೆಕಾರ್ಡ್ ಮಾಡಿಕೊಂಡ ಪುಣ್ಯ.

'ಸ್ಪಿಯರ್‌ಹೆಡ್' ನಾಲ್ಕೇ ಕಂತು, ಬಣ್ಣದ ಮೊದಲ ಕಥೆ. ಡಾಕ್ಟರ್ ಪಾತ್ರಕ್ಕೆ ಹೊಸ ನಟ ಜಾನ್ ಪರ್ಟ್ವೀ ಬಂದಿರುವುದರಿಂದ ಹಿಂದಿನದೇನೂ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಸ್ಟುಡಿಯೋದಲ್ಲಿ ಮುಷ್ಕರವಿದ್ದ ಕಾರಣ ಪೂರ್ತಿ ಕಥೆಯನ್ನು ಹೊರಗೆ, 16 ಎಂ.ಎಂ. ಫಿಲ್ಮಿನಲ್ಲಿ ತೆಗೆದರು. ಹಾಗಾಗಿ ಸಿನಿಮಾದಂತೆ ಕಾಣುತ್ತದೆ. ಕೊನೆಯ ಕಂತಿನಲ್ಲಿ ಬಟ್ಟೆಯಂಗಡಿಯ ಗೊಂಬೆಗಳು ಜೀವ ತಳೆದು ಬೀದಿಗಿಳಿಯುವ ದೃಶ್ಯ ಗಮನಿಸಿ: ಗಾಜು ಒಡೆಯುವುದು ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಆದರೂ ಮೈ ಜುಮ್ಮೆನ್ನುತ್ತದೆ. ದುಡ್ಡಿಲ್ಲದ ಕಡೆ ಕಿವಿಯಿಂದ ಕೆಲಸ ತೆಗೆಯುವುದು ಈ ಧಾರಾವಾಹಿಯ ಹಳೇ ವಿದ್ಯೆ.

ದಿನಕ್ಕೊಂದೇ ಯಾಕೆಂದರೆ, ಪ್ರತಿ ಕಂತೂ ಸುಮಾರು 25 ನಿಮಿಷ. ಮುಗಿಯುವುದು ಯಾರದೋ ಕುತ್ತಿಗೆಗೆ ಕತ್ತಿ ಬಂದಾಗ. ಮರುಕಂತು ಶುರುವಾಗುವುದೂ ಅದೇ ದೃಶ್ಯದಿಂದ. ಒಟ್ಟಿಗೆ ನೋಡಿದರೆ ಪ್ರತಿ ಅರ್ಧ ಗಂಟೆಗೂ ಹೇಳಿದ್ದೇ ಹೇಳಿದಂತಾಗುತ್ತದೆ. ಆರು ಕಂತಿನ ಕಥೆಗಳ ನಡುಭಾಗವಂತೂ ಸೆರೆ ಸಿಕ್ಕು, ತಪ್ಪಿಸಿಕೊಂಡು, ಮತ್ತೆ ಸೆರೆ ಸಿಗುವುದರಲ್ಲೇ ಕಳೆಯುತ್ತದೆ. ವಾರಕ್ಕೊಂದು ನೋಡುತ್ತಿದ್ದವರಿಗೆ ಅದು ಹೊಳೆಯುತ್ತಲೇ ಇರಲಿಲ್ಲ.

ಟಿವಿಯಲ್ಲಿ ಎರಡು ಸೆಟ್ಟಿಂಗ್ ನೋಡಿಕೊಳ್ಳಿ. ಚಿತ್ರದ ಅಳತೆ 4:3 ಇರಲಿ, ಇಲ್ಲದಿದ್ದರೆ ಡಾಕ್ಟರ್ ಅಡ್ಡಡ್ಡ ಊದಿಕೊಂಡಿರುತ್ತಾರೆ. ಚಲನೆಯನ್ನು ಕೃತಕವಾಗಿ ನಯಗೊಳಿಸುವ 'ಮೋಷನ್ ಸ್ಮೂದಿಂಗ್' ಆಫ್ ಮಾಡಿ. ಮುಂದಿನ ಕಥೆಗಳಲ್ಲಿ ಬಾಗಿಲು ದಾಟಿ ಹೊರಬಂದ ತಕ್ಷಣ ಚಿತ್ರದ ಬಣ್ಣ, ಚಲನೆ ಎರಡೂ ಬದಲಾದರೆ ಗಾಬರಿ ಬೇಡ: ಒಳಗಿನದು ವಿಡಿಯೋ ಟೇಪ್, ಹೊರಗಿನದು ಫಿಲ್ಮ್.

ಆಮೇಲೆ 1975ರ 'ಜೆನಿಸಿಸ್ ಆಫ್ ದ ಡಾಲೆಕ್ಸ್', ಆರು ಕಂತು. ನಡುವೆ ಒಂದು ದೈತ್ಯ ಕಪ್ಪೆಚಿಪ್ಪು ಕಾಲು ಹಿಡಿಯುತ್ತದೆ, ನಕ್ಕು ಮುಂದೆ ಹೋಗಿ. ಕೊನೆಯ ಕಂತಿನಲ್ಲಿ ಪರ್ಟ್ವೀ ನಂತರದ ಡಾಕ್ಟರ್ ಟಾಮ್ ಬೇಕರ್ ಎರಡು ವೈರ್ ಕೈಯಲ್ಲಿ ಹಿಡಿದು, ತಾಗಿಸಿದರೆ ಡಾಲೆಕ್‌ಗಳೆಂಬ ಇಡೀ ಶತ್ರು ಜೀವಿಕುಲವೇ ಇಲ್ಲವಾಗುತ್ತದೆ ಎಂದು ಗೊತ್ತಿದ್ದೂ ತಾಗಿಸಲಾರದೆ ನಿಲ್ಲುತ್ತಾರೆ. ಅದು ಹಿಡಿಸಿದರೆ 1979ರ 'ಸಿಟಿ ಆಫ್ ಡೆತ್': ಪ್ಯಾರಿಸ್, ಮೊನಾಲಿಸಾ ಕಳವು, ನಾಲ್ಕು ಕಂತಿನ ತಮಾಷೆ. ಕಪ್ಪು-ಬಿಳುಪಿಗೆ ಹೋಗುವುದು ಇಷ್ಟಾದ ಮೇಲೆ. 1991ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸಿಕ್ಕ 'ದ ಟೂಂಬ್ ಆಫ್ ದ ಸೈಬರ್‌ಮೆನ್' ಪೂರ್ತಿ ಉಳಿದಿದೆ, ಅಲ್ಲಿಂದ ಹಿಡಿಯಿರಿ. ಹಳೆಯ ಧ್ವನಿಗೆ ಹೊಸ ಅನಿಮೇಷನ್ ಜೋಡಿಸಿದ ಕಥೆಗಳು ಕಡೆಗಿರಲಿ.