ನೋವಾ-15 ಬಂದಾದ ವಾರ

24 ಆಗಸ್ಟ್ 2025, ರವಿವಾರ, ವಿಜಯಪುರ

ಮಂಗಳವಾರ ಅಮೆರಿಕದ ಹಳೇ ಹವಾಮಾನ ಉಪಗ್ರಹ ನೋವಾ-15 ಬಂದ್ ಮಾಡಿದರು. ಅದಕ್ಕೂ ಮುಂಚೆ, 13ಕ್ಕೆ, ನೋವಾ-19 ಹೋಯಿತು. ನೋವಾ-18 ಜೂನ್‌ನಲ್ಲೇ ಹೋಗಿತ್ತು. ಮೂರೂ ಮುಗಿದವು. 137 ಮೆಗಾಹರ್ಟ್ಸ್ ಮೇಲೆ ಅವುಗಳ ಚಿತ್ರ ಹೊತ್ತು ಬರುತ್ತಿದ್ದ ಆ ಟಿಕ್-ಟಿಕ್ ಸದ್ದು ಇನ್ನು ಕೇಳಿಸುವುದಿಲ್ಲ. ವಾರಪೂರ್ತಿ ಬರೆಯಬೇಕು ಅಂದುಕೊಂಡೆ, ಮನಸ್ಸಾಗಲಿಲ್ಲ. ಇವತ್ತು ಕಾಕಾ ಕೇಳಿದ ಮಾತು ತಲೆಯಲ್ಲೇ ಕೂತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಗಣಪತಿ ಹಬ್ಬದ ಸಾಮಾನು ಒಯ್ಯಲು ಕಾಕಾ ಊರಿಂದ ಬಂದಿದ್ದ. ನಾನು ಮಾಳಿಗೆ ಮೇಲಿದ್ದೆ. ಅಲ್ಲಿಗೇ ಬಂದ.

"ಏನೋ ತಮ್ಮಾ, ಬಿಸಲಾಗ ಕಂಬಿ ತಿರುವಿಕೋತ ನಿಂತೀದಿ?"

ಕಂಬಿ ಅಂದರೆ ನನ್ನ ಆಂಟೆನಾ. 53 ಸೆಂಟಿಮೀಟರಿನ ಎರಡು ಅಲ್ಯುಮಿನಿಯಂ ಸರಳು, ನಡುವೆ 120 ಡಿಗ್ರಿ ಬಿಟ್ಟು ವಿ ಆಕಾರದಲ್ಲಿ ಮಲಗಿಸಿದ್ದು. ಬುಡದಲ್ಲಿ ವೈರಿಂಗ್‌ನವರು ಬಳಸುವ ಟರ್ಮಿನಲ್ ಬ್ಲಾಕ್, ಅದರಿಂದ ಕೇಬಲ್ಲು, ಕೇಬಲ್ಲಿನ ತುದಿಗೆ ಟಿವಿ ನೋಡಲೆಂದು ಮಾಡಿದ್ದ ಯುಎಸ್‌ಬಿ ಡಾಂಗಲ್ಲಿನ ಜಾತಿಯದೇ ಒಂದು ರಿಸೀವರ್. ಆ ಚಿಪ್‌ನಿಂದ ಯಾವ ರೇಡಿಯೊ ಬೇಕಾದರೂ ಹಿಡಿಯಬಹುದು ಅಂತ 2012ರಲ್ಲಿ ಹವ್ಯಾಸಿಗಳು ಕಂಡುಕೊಂಡರು. ಅದಕ್ಕೂ ಮುಂಚೆ ಈ ಹುಚ್ಚು ನನ್ನಂಥವರ ಜೇಬಿಗೆ ಎಟುಕುವಂತಿರಲಿಲ್ಲ. ನಮ್ಮ ಊರು ಬಯಲು, ಗುಡ್ಡ ಇಲ್ಲ, ಉಪಗ್ರಹ ದಿಗಂತ ದಾಟಿ ಸ್ವಲ್ಪ ಮೇಲೆ ಬಂದರೆ ಸಾಕು, ಸಿಗ್ನಲ್ ಸಿಕ್ಕೇಬಿಡುತ್ತದೆ.

ನೋವಾ ವಿಷಯ ಕಾಕಾನಿಗೆ ಮೊದಲೇ ಗೊತ್ತು. ಬಂದಾಗೆಲ್ಲ ತೋರಿಸಿದ್ದೇನೆ. "ಅದು ಹೋತು ಕಾಕಾ" ಅಂದೆ.

"ಯಾರರೆ ಸಾಯಿಸಿದ್ರೋ, ತಾನ ಸತ್ತಿತೋ?"

ಈ ಪ್ರಶ್ನೆ ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಹೇಳಿದೆ: ವಯಸ್ಸಾಗಿತ್ತು, ಅಮೆರಿಕದವರೇ ನೆಲದಿಂದ ಆಜ್ಞೆ ಕಳಿಸಿ ಬಂದ್ ಮಾಡಿದರು. ಹಂಗೇ ಬಿಟ್ಟರೆ ಯಾವತ್ತೋ ಮೇಲೆ ಒಡೆದು ಚೂರಾಗಬಹುದು, ಆ ಚೂರು ಬೇರೆ ಉಪಗ್ರಹಗಳಿಗೆ ಬಡಿಯಬಹುದು. ಸುಮ್ನೆ ಹೆದರಿಕೆಯಲ್ಲ, ನೋವಾ-16 2015ರಲ್ಲಿ ಒಡೆಯಿತು, ನೋವಾ-17 2021ರಲ್ಲಿ.

"ಮತ್ತ ಈಗ ಎಲ್ಲೈತಿ?"

"ಮ್ಯಾಲ ತಿರಗಾಕತ್ತೈತಿ. ದಿನಾ ನಮ್ಮ ಮ್ಯಾಲಿಂದನೂ ಹಾದು ಹೋಗತೈತಿ."

"ಕರದ್ರ ಓ ಅನ್ನಂಗಿಲ್ಲ."

"ಅನ್ನಂಗಿಲ್ಲ."

ಕಾಕಾ ಟ್ಯಾಂಕಿನ ಕಟ್ಟೆ ಮೇಲೆ ಕೂತುಕೊಂಡ. ನನಗೆ ಗಂಟಲು ಕಟ್ಟಿದಂತಾಯಿತು, ನಿಜ. ನೋವಾ-15 ಹಾರಿದ್ದು 1998ರ ಮೇ 13ಕ್ಕೆ. ಎರಡು ವರ್ಷ ನಡೆದರೆ ಸಾಕು ಅಂತ ಮಾಡಿದ್ದ ಯಂತ್ರ ಅದು, 27 ವರ್ಷ ನಡೆಯಿತು. ಕೊನೆಕೊನೆಗೆ ಕ್ಯಾಮೆರಾದ ಕನ್ನಡಿ ತಿರುಗಿಸುವ ಮೋಟಾರು ಆಗಾಗ ತಡವರಿಸುತ್ತಿತ್ತು, ಚಿತ್ರದಲ್ಲಿ ಅಡ್ಡಗೆರೆ ಬೀಳುತ್ತಿದ್ದವು. ಅಂಥ ಚಿತ್ರಗಳನ್ನೂ ನಾನು ಅಳಿಸಿಲ್ಲ. ಒಂದರಲ್ಲಿ ಶ್ರೀಲಂಕಾ ಸರಿಯಾಗಿ ಬಂದಿದೆ, ಗೋವೆಯಿಂದ ಮೇಲೆ ಎಲ್ಲಾ ಗೀರು. ಇನ್ನೊಂದರಲ್ಲಿ ಖಂಬಾತ್ ಕೊಲ್ಲಿವರೆಗೂ ಕರಾವಳಿ ಸ್ವಚ್ಛವಾಗಿದೆ, ಆಲಮಟ್ಟಿ ಹಿನ್ನೀರು ನಾಲ್ಕೈದು ಚುಕ್ಕಿಯಷ್ಟು ಕಪ್ಪಗೆ ಕಾಣುತ್ತದೆ. ನಾಲ್ಕು ಕಿಲೋಮೀಟರಿಗೆ ಒಂದು ಚುಕ್ಕಿ ಬರುವ ಚಿತ್ರದಲ್ಲಿ ಆಲಮಟ್ಟಿ ಗುರುತು ಸಿಕ್ಕ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.

ಆ ಸದ್ದಿನ ಬಗ್ಗೆ ಬರೆದಿಡಬೇಕು, ಇನ್ನು ಮುಂದೆ ಹೊಸಬರಿಗೆ ಸಿಗುವುದಿಲ್ಲ. ಸೆಕೆಂಡಿಗೆ ಚಿತ್ರದ ಎರಡು ಸಾಲು. ಪ್ರತಿ ಸಾಲಿಗೂ ಒಂದು ಟಿಕ್. ಹಿಂದೆ 2400 ಹರ್ಟ್ಸ್‌ನ ಒಂದು ಸಣ್ಣ ಸಿಳ್ಳೆ, ಮೋಡ ಬೆಳ್ಳಗಿದ್ದಷ್ಟೂ ಸಿಳ್ಳೆ ಜೋರು, ಸಮುದ್ರ ಬಂದರೆ ಮೆತ್ತಗೆ. ಉಪಗ್ರಹ ನಮ್ಮ ಕಡೆ ಬರುವಾಗ ಫ್ರೀಕ್ವೆನ್ಸಿ ಮೂರು ಕಿಲೋಹರ್ಟ್ಸ್‌ನಷ್ಟು ಮೇಲಿರುತ್ತದೆ, ದಾಟಿ ಹೋಗುವಾಗ ಅಷ್ಟೇ ಕೆಳಗಿಳಿಯುತ್ತದೆ, ಪರದೆ ಮೇಲೆ ಆ ಗೆರೆ ಓರೆಯಾಗಿ ಜಾರುವುದನ್ನು ನೋಡಿಯೇ ಈಗ ತಲೆ ಮೇಲಿದೆ, ಈಗ ಉತ್ತರಕ್ಕೆ ಹೊರಟಿತು ಅಂತ ಹೇಳಬಹುದಿತ್ತು. ಹತ್ತು-ಹದಿನೈದು ನಿಮಿಷದ ಆಟ. ಸಿಗ್ನಲ್ ಸೊರಗಿದರೆ ಕಿವಿಗೆ ಗೊತ್ತಾಗುತ್ತಿತ್ತು, ಓಡಿಹೋಗಿ ಸರಳು ಸ್ವಲ್ಪ ತಿರುಗಿಸಿದರೆ ಮತ್ತೆ ಸದ್ದು ತಿಳಿಯಾಗುತ್ತಿತ್ತು.

ಈಗ ಇರುವುದು ರಷ್ಯಾದ ಹವಾಮಾನ ಉಪಗ್ರಹ ಮೀಟಿಯರ್. 137.9 ಮೆಗಾಹರ್ಟ್ಸ್, ಅದೇ ಆಂಟೆನಾಕ್ಕೆ ಸಿಗುತ್ತದೆ. ಕಾಕಾ ಇದ್ದಾಗಲೇ ಒಂದು ಹಾಯಿತು. ಚಿತ್ರ ನೋವಾದಕ್ಕಿಂತ ಬಹಳ ಚೆಂದ, ಒಂದು ಕಿಲೋಮೀಟರಿಗೆ ಒಂದು ಚುಕ್ಕಿ, ಬಣ್ಣಾನೂ ಬರುತ್ತದೆ. ಆದರೆ ಡಿಜಿಟಲ್. ಕಿವಿಗೆ ಬರೀ ಸುಯ್ ಅನ್ನುವ ಸದ್ದು. ಸಿಕ್ಕರೆ ಪೂರ್ತಿ ಸಿಗುತ್ತದೆ, ತಪ್ಪಿದರೆ ಅಷ್ಟಗಲ ಕರಿ ಪಟ್ಟಿ. ಕಿವಿಗೆ ಕೆಲಸವೇ ಇಲ್ಲ.

ಕಾಕಾ ಲ್ಯಾಪ್‌ಟಾಪ್ ಹತ್ತಿರ ಬಗ್ಗಿ ನೋಡಿದ. ಕೊಂಕಣದ ಮೇಲೆ ದಟ್ಟ ಮೋಡ, ಘಟ್ಟದಿಂದ ಈಚೆ ತುಂಡು ತುಂಡು.

"ಇದ್ರಾಗ ನಮ್ಮ ಹೊಲ ಎಲ್ಲಿ?"

"ಹೊಲ ಕಾಣಂಗಿಲ್ಲ ಕಾಕಾ, ಊರೂ ಒಂದ್ ಚುಕ್ಕಿ ಆಗಂಗಿಲ್ಲ."

"ಹೆಸರು ರಾಶಿ ಮಾಡೂದೈತಿ. ಮಗಿ ಮಳಿ ಬರತೈತೋ ಇಲ್ಲೋ ಅದನ್ನ ಹೇಳು."

ಒಂದು ಚಿತ್ರ ನೋಡಿ ಹೇಳಲು ಬರುವುದಿಲ್ಲ. ಮೋಡ ಯಾವ ಕಡೆ ನಡೆದಿದೆ ಅಂತ ತಿಳಿಯಬೇಕಾದರೆ ಬೆನ್ನಿಗೆ ಬೆನ್ನಿಗೆ ಚಿತ್ರ ಬೇಕು. ಅದಕ್ಕೆ ನಮ್ಮ ಇನ್ಸಾಟ್ ಇದೆ, 36,000 ಕಿಲೋಮೀಟರ್ ಮೇಲೆ ಒಂದೇ ಕಡೆ ನಿಂತು ನೋಡುತ್ತಿರುತ್ತದೆ, ಹವಾಮಾನ ಇಲಾಖೆಯವರು ಅದರ ಚಿತ್ರ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಫೋನ್ ತೆಗೆದು ತೋರಿಸಿದೆ. ಮುನ್ಸೂಚನೆಯನ್ನೂ ಓದಿ ಹೇಳಿದೆ.

ಅವಾಗ ಕೇಳಿದ. "ಫೋನಿನ್ಯಾಗ ಎಲ್ಲಾ ಸಿಗತೈತಿ. ಮತ್ತ ಈ ಕಂಬಿ ಯಾಕ?"

ಕಾಕಾ ಚುಚ್ಚಲು ಕೇಳಿದ್ದಲ್ಲ. ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದು. ಅಮೆರಿಕದ ಹಳೇ ಉಪಗ್ರಹ ಟೈರೋಸ್-8 ಬಗ್ಗೆ ಹೇಳಿದೆ. 1963ರ ಡಿಸೆಂಬರ್‌ನಲ್ಲಿ ಹಾರಿದ್ದು, ಈ ನಮೂನೆಯ ಚಿತ್ರವನ್ನು ಮೊದಲು ಕಳಿಸಿದ್ದು ಅದೇ. ಯಾವ ದೇಶದವರೇ ಆಗಲಿ, ಕೆಳಗೆ ನಿಂತು ಸಾದಾ ರಿಸೀವರ್ ಹಚ್ಚಿದರೆ ತಮ್ಮ ತಲೆ ಮೇಲಿನ ಮೋಡ ತಾವೇ ನೋಡಬಹುದು. ಬೀಗ ಇಲ್ಲ, ಪಾಸ್‌ವರ್ಡ್ ಇಲ್ಲ. ಉಪಗ್ರಹಕ್ಕೂ ನಮ್ಮ ಮಾಳಿಗೆಗೂ ನಡುವೆ ಯಾರೂ ಇಲ್ಲದೇ 800 ಕಿಲೋಮೀಟರ್ ಮೇಲಿಂದ ನೇರ ಬರುತ್ತದೆ. ಕರೆಂಟ್ ಹೋಗಲಿ, ನೆಟ್ ಹೋಗಲಿ, ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇದ್ದರೆ ಆಯ್ತು. ಅರವತ್ತು ವರ್ಷದ ಮೇಲೆ ಹೀಗೆ ಕೊಡುತ್ತಲೇ ಬಂದರಲ್ಲ, ಅದು ನನಗೆ ಬಹಳ ದೊಡ್ಡದು ಅನಿಸುತ್ತದೆ. ಫೋನಿನ ಚಿತ್ರ ಯಾರೋ ಹಿಡಿದು ಕೊಟ್ಟದ್ದು. ಇದು ನಾ ಹಿಡಿದದ್ದು.

ಕಾಕಾ ಹೂಂ ಅಂದ. ಪಡುವಣದ ಕಡೆ ಒಮ್ಮೆ ನೋಡಿದ. "ನಾಳೆ ಬ್ಯಾಡ, ನಾಡದ ನೋಡೂಣು" ಅಂದ. ಚಿತ್ರ ನೋಡಿ ಅಂದದ್ದೋ ಗಾಳಿ ನೋಡಿ ಅಂದದ್ದೋ ಕೇಳಲಿಲ್ಲ. ಹೆಸರು ಈ ಸಲ ಕಾಯಿ ಚೆನ್ನಾಗಿ ಹಿಡಿದಿದೆಯಂತೆ, ಒಣಗಿದ ಕಾಯಿ ತೊಯ್ದರೆ ಗಿಡದಲ್ಲೇ ಮೊಳಕೆ ಒಡೆಯುತ್ತದೆ ಅಂತ ಚಿಂತೆ. ಎರಡು ದಿನ ಬಿಸಿಲು ಬಿದ್ದರೆ ಸಾಕು.

ಕಾಕಾ ಬಸ್ಸಿಗೆ ಹೋದ ಮೇಲೆ ಮಾಳಿಗೆ ಮೂಲೆಯಲ್ಲಿ ಬಿದ್ದಿದ್ದ ಹಳೆ ಡಿಟಿಎಚ್ ತಟ್ಟೆ ಒರೆಸಿ ಅಳೆದೆ, 60 ಸೆಂಟಿಮೀಟರ್. ಮೀಟಿಯರ್ 1700 ಮೆಗಾಹರ್ಟ್ಸ್ ಮೇಲೂ ಕಳಿಸುತ್ತದೆ, ಯುರೋಪಿನ ಹವಾಮಾನ ಉಪಗ್ರಹ ಮೆಟಾಪ್ 1701.3ರಲ್ಲಿ. ತಾಮ್ರದ ತಂತಿ ಸುರುಳಿ ಸುತ್ತಿ ಹೆಲಿಕ್ಸ್ ಫೀಡ್, ಅಂದರೆ ತಟ್ಟೆಯ ಎದುರು ಕೂರುವ ಪುಟ್ಟ ಆಂಟೆನಾ, ಮಾಡಬೇಕು, ಒಂದು ಒಳ್ಳೆ ಆಂಪ್ಲಿಫೈಯರ್ ಬೇಕು. ಆಮೇಲೆ ಉಪಗ್ರಹ ಹಾಯುವಷ್ಟು ಹೊತ್ತೂ ತಟ್ಟೆಯನ್ನು ಕೈಯಲ್ಲೇ ಹಿಡಿದು ಅದರ ಹಿಂದೆ ಹಿಂದೆ ತಿರುಗಿಸಬೇಕು, ಒಬ್ಬರು ಪರದೆ ನೋಡಿ ಎಡಕ್ಕೆ ಬಲಕ್ಕೆ ಅಂತ ಕೂಗಬೇಕು. ಹಬ್ಬಕ್ಕೆ ತಮ್ಮ ಬರುತ್ತಾನೆ, ಅವನನ್ನು ಎರಡು ದಿನ ಜಾಸ್ತಿ ನಿಲ್ಲಿಸಿಕೊಂಡರೆ ಆಯ್ತು.