ಕೋಳಿಗೆ ಸಬ್ಬಸಿಗೆ

ನಿನ್ನೆ ರಾತ್ರಿ ನಾಟಿಕೋಳಿ ತಂದು ಲಾವೋಸಿನ ‘ಓ ಲಾಮ್’ ಮಾಡಿದೆ. ಲುವಾಂಗ್ ಪ್ರಬಾಂಗ್ ಕಡೆಯ ಅಡುಗೆ. ಎಣ್ಣೆ ಒಗ್ಗರಣೆಯ ಗದ್ದಲವೇ ಇಲ್ಲ. ಮಜ್ಜಿಗೆಹುಲ್ಲು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜೊತೆ ಸಣ್ಣ ಉರಿಯಲ್ಲಿ ಕೋಳಿ ಬೇಯಬೇಕು. ಅದೇ ಪಾತ್ರೆಗೆ ಇಡೀ ಬದನೆಕಾಯಿ ಹಾಕಿ, ಮೆತ್ತಗಾದ ಮೇಲೆ ತೆಗೆದು ಕುಟ್ಟಾಣಿಯಲ್ಲಿ ಜಜ್ಜಿ ವಾಪಸ್ ಸುರಿದರೆ ಸಾರು ತಾನಾಗಿ ಗಟ್ಟಿ. ತೆಂಗಿನಕಾಯಿ ಇಲ್ಲದೆಯೂ ಸಾರು ಮಂದವಾಗುತ್ತೆ ಅಂತ ಈ ವಯಸ್ಸಲ್ಲಿ ಕಲಿತೆ!

ಅಲ್ಲಿ ಇದಕ್ಕೆ ಸಖಾನ್ ಅಂತ ಕಟ್ಟಿಗೆ ಚೂರು ಹಾಕ್ತಾರೆ. ನಮ್ಮ ಕಾಳುಮೆಣಸಿನ ಬಳ್ಳಿಯ ಸಂಬಂಧಿ. ಜಗಿದರೆ ನಾಲಿಗೆ ಜುಮ್ಮೆನ್ನುತ್ತೆ, ನಾರು ಉಗುಳಬೇಕು. ಇಲ್ಲೆಲ್ಲಿ ಹುಡುಕಲಿ? ಕಾಳುಮೆಣಸು, ಜೊತೆಗೆ ನಾಲ್ಕು ಜುಮ್ಮನಕಾಯಿ ಹಾಕಿದೆ. ಮೋಸವೇ, ಆದರೆ ನಾಲಿಗೆಗೆ ಗೊತ್ತಾಗಲಿಲ್ಲ.

ಕೊನೆಗೆ ಒಂದು ಹಿಡಿ ಸಬ್ಬಸಿಗೆ ಸೊಪ್ಪು. ಆ ಘಮಕ್ಕೆ ಅಮ್ಮ ಅಡುಗೆಮನೆಗೆ ಇಣುಕಿ, “ಯಾರೋ ಬಾಣಂತಿ ಮನೇಲಿ?” ಅಂದರು. ವಡೆಗೂ ಅಕ್ಕಿರೊಟ್ಟಿಗೂ ಸರಿ, ಕೋಳಿಗೆ ಸಬ್ಬಸಿಗೆ ಹಾಕೋದು ಅವರ ಲೆಕ್ಕದಲ್ಲಿ ಅಪಚಾರ. ಅಷ್ಟು ದೂರದ ಊರಿನವರಿಗೂ ಇದೇ ಸೊಪ್ಪಿನ ಹುಚ್ಚು ಅನ್ನೋದು ನನಗೆ ಮಾತ್ರ ಯಾಕೋ ಖುಷಿ ಕೊಟ್ಟಿತು.

ಅಂಟಕ್ಕಿ ಅನ್ನ ಮಾತ್ರ ಕೆಟ್ಟಿತು, ನೆನೆಸೋದೇ ಮರೆತಿದ್ದೆ. ರಾಗಿಮುದ್ದೆ ಜೊತೆ ಉಂಡೆವು. ಅಮ್ಮ ಎರಡನೇ ಸಲ ಸಾರು ಹಾಕಿಸಿಕೊಂಡರು, ಏನೂ ಮಾತಾಡದೆ.