ಅಜ್ಜನ ರಿವಾಲ್ವರ್‌ಗೆ ಯಾವ ತೋಟಾ ಹಾಕಬಹುದು?

ಮಹಾನವಮಿಯ ಖಂಡೆಪೂಜೆ ಹತ್ತಿರ ಬಂದಾಗಲೂ, ಚುನಾವಣೆಗೆಂದು ಠಾಣೆಯಲ್ಲಿ ಜಮಾ ಮಾಡಿದ ಆಯುಧಗಳು ಮನೆಗೆ ಮರಳುವಾಗಲೂ ಹುಬ್ಬಳ್ಳಿಯ ನಮ್ಮ ರಿಪೇರಿ ಮೇಜಿಗೆ ಈ ಪ್ರಶ್ನೆ ತಪ್ಪದೇ ಬರುತ್ತದೆ. ಕಳೆದ ವರ್ಷ ಗದಗ ಕಡೆಯ ವಾಡೆಯೊಂದರ ಹಿರಿಯರು ಪರವಾನಗಿ ಪುಸ್ತಕದ ಜೊತೆಗೆ ಹಳೆಯ ಕೋಲ್ಟ್ ಒಂದನ್ನು ತಂದಿದ್ದರು. ಹ್ಯಾಮರನ್ನು ಪ್ರತಿ ಸಲ ಹೆಬ್ಬೆರಳಿನಿಂದ ಎಳೆದ ಮೇಲೆಯೇ ಟ್ರಿಗರ್ ಕೆಲಸ ಮಾಡುವ ಸಿಂಗಲ್ ಆ್ಯಕ್ಷನ್ ರಿವಾಲ್ವರ್ ಅದು. "ತೋಟಾ ಸರಾಗ ಒಳಗ ಹೋಗತೈತಲ್ರೀ, ಮತ್ತೇನು ನೋಡೂದೈತಿ?" ಎಂದು ಅವರು ಕೇಳಿದರು. ಒಳಗೆ ಹೋಗುವ ತೋಟಾ ಬೇರೆ, ಒಳಗೆ ಹಾಕಬೇಕಾದ ತೋಟಾ ಬೇರೆ ಎಂಬುದೇ ಅವರಿಗೂ ಉಳಿದೆಲ್ಲರಿಗೂ ನಾನು ಕೊಡುವ ಉತ್ತರ.

ತೊಡಕು ಹೆಸರಿನಿಂದಲೇ ಶುರುವಾಗುತ್ತದೆ. ಪರವಾನಗಿಯಲ್ಲಿ ಯಾರೋ ಎಂದೋ ".45 ರಿವಾಲ್ವರ್", ಅಂದರೆ ಸುಮಾರು 0.45 ಇಂಚು ದಪ್ಪದ ಗುಂಡಿನದು, ಎಂದಷ್ಟೇ ಬರೆದಿರುತ್ತಾರೆ. ಆದರೆ ಕೋಲ್ಟ್ ಕಂಪನಿ 1873ರಲ್ಲಿ ಹೊರತಂದ ಸಿಂಗಲ್ ಆ್ಯಕ್ಷನ್ ಆರ್ಮಿ ರಿವಾಲ್ವರನ್ನು .45 ಕೋಲ್ಟ್ ತೋಟಾಕ್ಕಷ್ಟೇ ಅಲ್ಲದೆ, ಇಂಗ್ಲೆಂಡಿನ ಗಿರಾಕಿಗಳಿಗಾಗಿ .450, .455 ಮತ್ತು .476 ತೋಟಾಗಳಿಗೂ ಮಾಡಿತ್ತು. .45 ಕೋಲ್ಟ್ ತೋಟಾದ ಹಿತ್ತಾಳೆ ಕೋಶ ಸುಮಾರು 32.6 ಮಿಲಿಮೀಟರ್ ಉದ್ದವಿದ್ದರೆ, .455 ಮಾರ್ಕ್ 2 ತೋಟಾದ್ದು ಸುಮಾರು 19.5 ಮಾತ್ರ. ಹಾಗಾಗಿ ನಾನು ಪುಸ್ತಕವನ್ನು ನಂಬುವುದಿಲ್ಲ, ಬ್ಯಾರಲ್ ಮೇಲಿನ ಅಕ್ಷರಗಳನ್ನೂ ಪೂರ್ತಿ ನಂಬುವುದಿಲ್ಲ, ಏಕೆಂದರೆ ನೂರು ವರ್ಷದಲ್ಲಿ ಬ್ಯಾರಲ್ಲನ್ನೋ ಸಿಲಿಂಡರನ್ನೋ ಯಾರಾದರೂ ಬದಲಾಯಿಸಿರಬಹುದು. ಕರಗಿಸಿದ ಗಂಧಕವನ್ನು ಚೇಂಬರಿಗೆ, ಅಂದರೆ ಸಿಲಿಂಡರಿನಲ್ಲಿ ತೋಟಾ ಕೂರುವ ಗೂಡಿಗೆ, ಹೊಯ್ದು, ಆರಿದ ಮೇಲೆ ಹೊರಬರುವ ಹಳದಿ ಅಚ್ಚನ್ನು ವರ್ನಿಯರ್‌ನಿಂದ ಅಳೆಯುವುದು ನಮ್ಮ ಹಿರಿಯರು ಕಲಿಸಿದ ವಿಧಾನ, ಮತ್ತು ಇಂದಿಗೂ ನಾನು ನೆಚ್ಚುವ ವಿಧಾನ.

.32ರ ಗೊಂದಲ ಇನ್ನೂ ದೊಡ್ಡದು, ಏಕೆಂದರೆ ಅದು ನಮ್ಮ ಅಂಗಡಿಗಳ ಗಾಜಿನ ಕಪಾಟಿನಲ್ಲೇ ಇದೆ. ಕಾನ್ಪುರದ .32 ರಿವಾಲ್ವರಿಗೆ ಬೇಕಾದದ್ದು 7.65×23, ಪಿಸ್ತೂಲಿಗೆ ಬೇಕಾದದ್ದು 7.65×17; ಮೊದಲ ಅಂಕಿ ದಪ್ಪ, ಎರಡನೆಯದು ಕೋಶದ ಉದ್ದ, ಎರಡೂ ಮಿಲಿಮೀಟರಿನಲ್ಲಿ. ಜನರ ಬಾಯಲ್ಲಿ ಎರಡೂ ".32" ಎಂದೇ. ಪಿಸ್ತೂಲಿನ ಗಿಡ್ಡ ತೋಟಾ ಕೆಲವು ಹಳೆಯ ರಿವಾಲ್ವರುಗಳ ಚೇಂಬರಿಗೆ ಇಳಿದುಬಿಡುತ್ತದೆ. ಗಿಡ್ಡಗಿದೆ ಎಂದ ಮೇಲೆ ಜೋರು ಕಡಿಮೆ ಎಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ಅದರ ಗರಿಷ್ಠ ಒತ್ತಡ ಚದರ ಇಂಚಿಗೆ 20,500 ಪೌಂಡ್, ಉದ್ದದ ರಿವಾಲ್ವರ್ ತೋಟಾದ್ದು 15,000. ಇನ್ನು ಕೆಲವು ಹಳೆಯ ಕೋಲ್ಟ್‌ಗಳಿಗೆ ಹಾಕುತ್ತಿದ್ದ .32-20 ಎಂಬ ವಿಂಚೆಸ್ಟರ್ ತೋಟಾ ಬಾಟಲಿಯಂತೆ ಕತ್ತುಳ್ಳದ್ದು. ಅದರ ಚೇಂಬರಿಗೆ ಈ ಎರಡೂ ಹೊಂದುವುದಿಲ್ಲ.

ಅಳತೆ ಸರಿಹೋಯಿತೆಂದುಕೊಳ್ಳೋಣ. ಆಗ ನಿಜವಾದ ಪ್ರಶ್ನೆ ಎದುರಾಗುತ್ತದೆ: ಒಳಗಿರುವ ಮದ್ದು ಯಾವುದು? 1873ರ .45 ಕೋಲ್ಟ್ ತೋಟಾದಲ್ಲಿ ಮೂಲತಃ 40 ಗ್ರೇನ್, ಅಂದರೆ ಸುಮಾರು ಎರಡೂವರೆ ಗ್ರಾಂ ಕರಿಮದ್ದು ತುಂಬುತ್ತಿದ್ದರು ಮತ್ತು ಅಷ್ಟಕ್ಕೆ ಕೋಶವೇ ತುಂಬಿಬಿಡುತ್ತಿತ್ತು. ನಂತರ ಬಂದ ಹೊಗೆರಹಿತ ಮದ್ದು ಅದರ ಕಾಲುಭಾಗಕ್ಕಿಂತ ಕಡಿಮೆ ಸಾಕಾಗುವಷ್ಟು ತೀವ್ರ. ಒತ್ತಡ ಏರಿದಷ್ಟೂ ಅದು ಇನ್ನೂ ವೇಗವಾಗಿ ಉರಿಯುತ್ತದೆ. ಕೋಲ್ಟ್ ಕಂಪನಿಯೇ ಹೊಗೆರಹಿತ ಮದ್ದಿಗೆ ಖಾತರಿ ಕೊಟ್ಟದ್ದು 1900ರಿಂದ ಈಚೆಗೆ, ಸುಮಾರು 1,92,000ದ ಕ್ರಮಸಂಖ್ಯೆಯ ನಂತರ. ಸಿಲಿಂಡರ್ ತಿರುಗುವ ಕಡ್ಡಿಯನ್ನು ಹಿಡಿಯುವ ತಿರುಪು ಮುಂಭಾಗದಲ್ಲಿದ್ದರೆ ಕರಿಮದ್ದಿನ ಕಾಲದ್ದು, ಪಕ್ಕದಿಂದ ಒತ್ತುವ ಸ್ಪ್ರಿಂಗ್ ಗುಂಡಿ ಇದ್ದರೆ ಎಲ್ಲಕ್ಕೂ ನಡೆಯುತ್ತದೆ ಎಂಬ ಮಾತು ಹವ್ಯಾಸಿಗಳಲ್ಲಿ ಬಲವಾಗಿದೆ. ಆ ಗುಂಡಿ 1890ರ ದಶಕದಲ್ಲೇ, ಖಾತರಿಗಿಂತ ಮೊದಲೇ ಬಂದದ್ದರಿಂದ ಈ ಗುರುತನ್ನು ನೆಚ್ಚಿ ಕೂರುವುದು ಅಪಾಯ.

ಸಿಲಿಂಡರನ್ನು ಹೊರತೆಗೆದು ಹಿರಿಯರ ಕೈಗೆ ಕೊಟ್ಟೆ. ಹೊರಮೈಯಲ್ಲಿ ಆರು ಸಣ್ಣ ಕಚ್ಚುಗಳಿವೆ. ಸಿಲಿಂಡರ್ ತಿರುಗಿ ಸರಿಯಾದ ಜಾಗದಲ್ಲಿ ನಿಲ್ಲುವುದು ಅವುಗಳಿಂದ. ಆ ಕಚ್ಚುಗಳು ಚೇಂಬರಿನ ನೆತ್ತಿಯ ಮೇಲೇ ಬರುತ್ತವೆ, ಹಾಗಾಗಿ ಮೊದಲೇ ತೆಳುವಾದ ಗೋಡೆ ಅಲ್ಲಿ ಮತ್ತಷ್ಟು ತೆಳು. ಅವರು ಉಗುರಿನಿಂದ ಸವರಿ ನೋಡಿ, ಏನೂ ಮಾತನಾಡಲಿಲ್ಲ. .45 ಕೋಲ್ಟಿನ ಅಂಗೀಕೃತ ಒತ್ತಡ 14,000 ಪೌಂಡ್. ಅದೇ ಹೆಸರಿನಲ್ಲಿ, ಈಗಿನ ಗಟ್ಟಿ ರಿವಾಲ್ವರುಗಳಿಗೆಂದೇ 30,000ದ ಹತ್ತಿರದ ತೋಟಾಗಳೂ ಜಗತ್ತಿನಲ್ಲಿ ಮಾರಾಟವಾಗುತ್ತವೆ. ಒಡೆಯುವುದು ಆ ತೆಳುಗೋಡೆಯಿಂದಲೇ. ಟ್ರಿಗರ್ ಎಳೆತವೇ ಹ್ಯಾಮರನ್ನೂ ಎತ್ತುವ ಡಬಲ್ ಆ್ಯಕ್ಷನ್ನಿನ ಬ್ರಿಟಿಷ್ ರಿವಾಲ್ವರ್ ವೆಬ್ಲಿ ಮಾರ್ಕ್ 6ರ ಸಿಲಿಂಡರಿನ ಹಿಂಬದಿಯನ್ನು ಉಜ್ಜಿಸಿ, ಪಿಸ್ತೂಲಿನ .45 ತೋಟಾ ಹಾಕುವ ರೂಢಿಯೂ ಇದೇ ಜಾತಿಯ ತಪ್ಪು.

ಹಾಗಾದರೆ ಯಾವುದು ಸುರಕ್ಷಿತ? 1900ಕ್ಕೆ ಹಿಂದಿನದಾದರೆ ಕರಿಮದ್ದಿನದು ಮಾತ್ರ. ನಂತರದ್ದಾದರೆ, ಅಳೆದು ಖಚಿತಪಡಿಸಿಕೊಂಡ ಚೇಂಬರಿಗೆ ಹೊಂದುವ, ಮೂಲ ಒತ್ತಡವನ್ನು ಮೀರದ, ಮೆತ್ತನೆಯ ಸೀಸದ ಗುಂಡಿನ ಹೊಸ ಕಾರ್ಖಾನೆ ತೋಟಾ. ಅದೂ ಸಿಲಿಂಡರ್ ಅಲುಗಾಡದೆ, ಬ್ಯಾರಲ್ಲಿನೊಳಗೆ ಉಬ್ಬಿನ ಉಂಗುರವಿಲ್ಲದೆ, ತುಕ್ಕು ಆಳವಾಗಿ ಕೊರೆಯದೆ ಇದ್ದಾಗ ಮಾತ್ರ. ಇಂಥ ತೋಟಾ ನಮ್ಮ ಊರಿನ ಅಂಗಡಿಯಲ್ಲಿ ಸಿಗುವುದು ಅಪರೂಪವಾದ್ದರಿಂದ, ಹತ್ತರಲ್ಲಿ ಒಂಬತ್ತು ಮಂದಿಗೆ ನನ್ನ ಉತ್ತರ "ಯಾವುದನ್ನೂ ಹಾಕಬೇಡಿ" ಎಂಬುದೇ. ಮನೆಯಲ್ಲೇ ಮದ್ದು ತುಂಬಿಕೊಡುತ್ತೇನೆ ಎನ್ನುವವರ ಬಳಿ ಹೋಗಲೇಬಾರದು: ಹೊಗೆರಹಿತ ಮದ್ದು ಕೋಶದ ತಳದಲ್ಲಷ್ಟೇ ಕೂರುವುದರಿಂದ ಎರಡು ಸಲ ಬಿದ್ದರೂ ಕಣ್ಣಿಗೆ ಬೀಳುವುದಿಲ್ಲ, ಜೊತೆಗೆ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಹಳೆಯದೆಂಬ ಮಾತ್ರಕ್ಕೆ ಕಾಯ್ದೆಯಿಂದ ವಿನಾಯಿತಿಯೂ ಇಲ್ಲ. ರಿಪೇರಿ ಮಾಡಿದರೂ ಹಾರದಂಥ ಸ್ಥಿತಿಯಲ್ಲಿದ್ದರೆ ಮಾತ್ರ ಆ ವಿನಾಯಿತಿ.

ಹಾರಿಸಲು ಯೋಗ್ಯವಾದ ಆಯುಧವಾದರೂ ಆರರ ಬದಲು ಐದೇ ತೋಟಾ ತುಂಬಬೇಕು. ಹಳೆಯ ವಿನ್ಯಾಸದಲ್ಲಿ ಹ್ಯಾಮರಿನ ಮೂತಿ ನೇರವಾಗಿ ತೋಟಾದ ಕ್ಯಾಪಿನ ಮೇಲೆ ಕೂತಿರುತ್ತದೆ; ಕೈಜಾರಿ ಬಿದ್ದರೆ ಸಾಕು, ಹಾರುತ್ತದೆ. ಅದಕ್ಕೇ ಹ್ಯಾಮರ್ ಯಾವಾಗಲೂ ಖಾಲಿ ಚೇಂಬರಿನ ಮೇಲಿರಬೇಕು.

ಗದಗಿನ ಹಿರಿಯರ ಕೋಲ್ಟಿನ ಜೊತೆಗೆ ರಟ್ಟಿನ ಡಬ್ಬಿಯೊಂದೂ ಬಂದಿತ್ತು. ಅದರಲ್ಲಿ ಹಸಿರುಗಟ್ಟಿದ ಹನ್ನೊಂದು ತೋಟಾಗಳಿದ್ದವು, ಎರಡರ ಕತ್ತು ಸೀಳಿತ್ತು. ಹನ್ನೆರಡನೆಯದನ್ನು ಅವರ ತಮ್ಮ ಹಿತ್ತಲಿನ ಬಾವಿಗೆ ಎಸೆದಿದ್ದನಂತೆ. ಉಳಿದವನ್ನು ನಾನು ಮುಟ್ಟದೆ, ಪರವಾನಗಿ ಪುಸ್ತಕದ ಜೊತೆಗೇ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವಂತೆ ಹೇಳಿದೆ. ಬಾವಿಯಲ್ಲಿರುವುದರ ಸಂಗತಿಯನ್ನೂ ಅಲ್ಲಿ ಬರೆಸಲು ಹೇಳಿದಾಗ ಮಾತ್ರ ಅವರು ಸ್ವಲ್ಪ ಹಿಂಜರಿದರು.